ನರಕಕ್ಕೆ ಹೋಗುವವರು ಯಾರು? ಬೈಬಲ್ ಏನು ಹೇಳುತ್ತದೆ?



ಈ ಸಲದ ಪಾಠ ಉಳಿತಾಯದ ಬಗ್ಗೆ ಅಲ್ಲ, ಲೆಕ್ಕಪುಸ್ತಕದ ಬಗ್ಗೆಯೂ ಅಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಸಂಘದಲ್ಲಿ ಒಬ್ಬ ತಾಯಿ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವತ್ತು ನಾವು ಸರಿಯಾದ ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಈ ಪಾಠದಲ್ಲಿ ಕೊಡುತ್ತಿದ್ದೇವೆ. ಆ ತಾಯಿಯ ಹೆಸರು, ಊರು ಇಲ್ಲಿ ಬೇಡ. ಅಂಥವರು ಬಹಳ ಸಂಘಗಳಲ್ಲಿ ಇದ್ದಾರೆ.

ಅವರ ಯಜಮಾನರು ಎರಡು ವರ್ಷ ಸಾಂಬಾರ್ ಈರುಳ್ಳಿ ಬೆಳೆದಿದ್ದರು. ಎರಡು ಸಲವೂ ಕೀಳುವ ಹೊತ್ತಿಗೆ ರೇಟು ಬಿದ್ದುಹೋಯಿತು. ಬೋರ್‌ವೆಲ್ ಕೊರೆಸಿದ ಸಾಲ, ಗೊಬ್ಬರದ ಅಂಗಡಿಯ ಬಾಕಿ, ಹೆಂಡತಿಯ ಹೆಸರಿನಲ್ಲಿ ತೆಗೆದ ವಾರದ ಕಂತಿನ ಸಾಲ ಎಲ್ಲ ಸೇರಿಕೊಂಡಿತ್ತು. ಕೊನೆಗೆ ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ತಿಥಿ ಮುಗಿದ ಮೇಲೆ ಈ ತಾಯಿ ನೀರಿಗೆ ಹೋದಾಗ ನಲ್ಲಿ ಹತ್ತಿರ ಯಾರೋ ಅಂದರಂತೆ, ಅಂಥ ಸಾವು ಸತ್ತವರಿಗೆ ನರಕವೇ ಗತಿ ಎಂದು. ಮೂರು ಸಭೆಗೆ ಅವರು ಬರಲಿಲ್ಲ. ನಾಲ್ಕನೆಯದಕ್ಕೆ ಬಂದು ಬಾಗಿಲ ಹತ್ತಿರವೇ ಕೂತರು. ಸಭೆ ಮುಗಿದು ಚಾಪೆ ಸುತ್ತುವಾಗ ಮೆಲ್ಲಗೆ ಕೇಳಿದರು: “ಸಿಸ್ಟರಮ್ಮ, ನಮ್ಮ ಯಜಮಾನ್ರು ನರಕಕ್ಕ ಹೋಗವ್ರಾ? ನಿಮ್ಮ ಬೈಬಲ್‌ನಲ್ಲಿ ಏನು ಬರ್ದದ?”

ನಾವು “ದೇವರು ದೊಡ್ಡವರು ಕಣವ್ವ, ಧೈರ್ಯ ತಗೋ” ಎಂದು ಬೆನ್ನು ಸವರಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಂದೆವು. ಬಸ್ಸಿನಲ್ಲಿ ಕೂತ ಮೇಲೆ ನಮ್ಮ ಮನಸ್ಸೇ ನಮ್ಮನ್ನು ಚುಚ್ಚಿತು. ಅವರು ಕೇಳಿದ್ದಕ್ಕೆ ಬೈಬಲಿನಲ್ಲಿ ಉತ್ತರ ಇದೆ. ಅದನ್ನು ಈಗ ಒಟ್ಟಿಗೆ ಕೂತು ನೋಡೋಣ.

1. ‘ನರಕ’ ಎಂಬ ಮಾತು

ನರಕ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಯಮಲೋಕದ ಪಟ. ಕುದಿಯುವ ಎಣ್ಣೆ ಕೊಪ್ಪರಿಗೆ, ಗರಗಸ, ಕೋಣದ ಮೇಲೆ ಕೂತ ಯಮ. ಕ್ರೈಸ್ತರ ಮನೆಗಳಲ್ಲೂ ಬೆಂಕಿ ಮತ್ತು ಕೊಂಬಿನ ಸೈತಾನನ ಪಟಗಳನ್ನು ತೋರಿಸಿ ಮಕ್ಕಳನ್ನು ಹೆದರಿಸುತ್ತಿದ್ದರು. ಬೈಬಲಿನಲ್ಲಿ ಇರುವ ಮಾತು ಯಾವುದು, ಅದರ ಅರ್ಥ ಏನು ಎಂದು ಮೊದಲು ತಿಳಿಯಬೇಕು.

ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ‘ಷಿಯೋಲ್’ ಎಂಬ ಮಾತಿದೆ. ಕನ್ನಡದಲ್ಲಿ ಅದನ್ನು ಪಾತಾಳ ಎಂದು ಬರೆದಿದ್ದಾರೆ. ಅದು ಪಾಪಿಗಳಿಗೆ ಮಾತ್ರ ಮೀಸಲಾದ ಜಾಗ ಅಲ್ಲ. ಸತ್ತವರೆಲ್ಲ, ಒಳ್ಳೆಯವರೂ ಕೆಟ್ಟವರೂ, ಇಳಿದುಹೋಗುವ ಕತ್ತಲ ತಾಣ ಎಂದು ಆ ಕಾಲದ ಜನ ನಂಬಿದ್ದರು. ಮಗ ಜೋಸೆಫ್ ಸತ್ತನೆಂದು ತಿಳಿದ ತಂದೆ ಯಕೋಬ, ತಾನೂ ಅಳುತ್ತಲೇ ಮಗನಿದ್ದಲ್ಲಿಗೆ ಇಳಿದು ಹೋಗುತ್ತೇನೆ ಎನ್ನುವಾಗ ಇದೇ ಮಾತನ್ನು ಹೇಳುತ್ತಾನೆ (ಆದಿಕಾಂಡ 37:35).

ಯೇಸುಸ್ವಾಮಿ ಎಚ್ಚರಿಸುವಾಗ ಬಳಸಿದ ಮಾತು ಬೇರೆ, ‘ಗೆಹೆನ್ನ’. ಇದು ಒಂದು ನಿಜವಾದ ಜಾಗದ ಹೆಸರು. ಜೆರುಸಲೇಮ್ ಪಟ್ಟಣದ ದಕ್ಷಿಣಕ್ಕೆ ಹಿನ್ನೋಮ್ ಎಂಬ ಕಣಿವೆ ಇದೆ. ಹಿಂದೆ ಆಹಾಜ, ಮನಸ್ಸೆ ಎಂಬ ರಾಜರು ಅಲ್ಲಿ ತಮ್ಮ ಸ್ವಂತ ಮಕ್ಕಳನ್ನೇ ಬೆಂಕಿಗೆ ಬಲಿ ಕೊಟ್ಟರು. ಆಮೇಲೆ ಬಂದ ಯೋಷೀಯ ರಾಜ ಆ ಬಲಿಪೀಠವನ್ನು ಹಾಳುಮಾಡಿದ. ಆ ಬಲಿಯ ಬಗ್ಗೆ ಪ್ರವಾದಿ ಯೆರೆಮೀಯನ ಬಾಯಲ್ಲಿ ದೇವರು ಹೇಳುವುದೇನೆಂದರೆ, ಅಂಥದ್ದನ್ನು ತಾನು ಕೇಳಿಯೇ ಇಲ್ಲ, ಅದು ತನ್ನ ಮನಸ್ಸಿಗೂ ಬಂದಿರಲಿಲ್ಲ ಎಂದು (ಯೆರೆಮೀಯ 7:31).

ಸಹೋದರಿಯರೇ, ಇದನ್ನು ನೆನಪಿಡಿ. ಆ ಕಣಿವೆಯಲ್ಲಿ ಬೆಂಕಿ ಹಚ್ಚಿದವರು ಮನುಷ್ಯರು. ಮಕ್ಕಳನ್ನು ಸುಡುವುದನ್ನು ಕಂಡು ನೊಂದವರು ದೇವರು.

2. ಯೇಸುಸ್ವಾಮಿ ಯಾರನ್ನು ಎಚ್ಚರಿಸಿದರು?

‘ಗೆಹೆನ್ನ’ ಎಂಬ ಮಾತು ಹೊಸ ಒಡಂಬಡಿಕೆಯಲ್ಲಿ 12 ಸಲ ಬರುತ್ತದೆ. ಅದರಲ್ಲಿ 11 ಸಲ ಯೇಸುಸ್ವಾಮಿಯ ಬಾಯಿಂದಲೇ ಬಂದಿದೆ. ಅವರು ಅದನ್ನು ಯಾರಿಗೆ ಹೇಳಿದರು ಎಂದು ನೋಡಿ. ತಮ್ಮ ಬೆನ್ನ ಹಿಂದೆ ಬಂದ ಶಿಷ್ಯರಿಗೆ ಹೇಳಿದರು, ದೇವರ ಹೆಸರಿನಲ್ಲಿ ಜನರ ಮೇಲೆ ಹೊರೆ ಹೊರಿಸುತ್ತಿದ್ದ ಧರ್ಮಗುರುಗಳಿಗೆ ಹೇಳಿದರು. ರೋಗಿಗಳು, ವಿಧವೆಯರು, ತಪ್ಪು ಮಾಡಿ ಅಳುತ್ತಾ ಬಂದವರು ಎದುರಿಗಿದ್ದಾಗ ಅವರು ನರಕದ ಮಾತು ಎತ್ತಿದ್ದನ್ನು ಶುಭಸಂದೇಶದಲ್ಲಿ ನಾವು ಎಲ್ಲೂ ಓದಿಲ್ಲ.

ಲೂಕನ ಶುಭಸಂದೇಶದಲ್ಲಿ ಒಂದು ಸಾಮತಿ ಇದೆ (ಲೂಕ 16:19-31). ಒಬ್ಬ ಶ್ರೀಮಂತ ದಿನವೂ ಹಬ್ಬದೂಟ ಮಾಡುತ್ತಿದ್ದ. ಅವನ ಬಾಗಿಲಲ್ಲಿ ಮೈತುಂಬ ಹುಣ್ಣಾದ ಲಾಜರ ಎಂಬ ಭಿಕ್ಷುಕ ಬಿದ್ದಿದ್ದ. ನಾಯಿಗಳು ಬಂದು ಹುಣ್ಣು ನೆಕ್ಕುತ್ತಿದ್ದವು. ಇಬ್ಬರೂ ಸತ್ತರು. ಲಾಜರ ಅಬ್ರಹಾಮನ ಮಡಿಲು ಸೇರಿದ. ಶ್ರೀಮಂತ ಯಾತನೆಯ ತಾಣ ಸೇರಿದ. ಇಬ್ಬರ ನಡುವೆ ಯಾರೂ ದಾಟಲಾಗದ ದೊಡ್ಡ ಕಂದರ ಇತ್ತು.

ಆ ಶ್ರೀಮಂತ ಮಾಡಿದ ತಪ್ಪೇನು? ಅವನು ಲಾಜರನನ್ನು ಹೊಡೆದ ಎಂದು ಬರೆದಿಲ್ಲ. ಕಳ್ಳತನ ಮಾಡಿದ ಎಂದೂ ಇಲ್ಲ. ಬಾಗಿಲಲ್ಲಿ ಬಿದ್ದವನ ಕಡೆ ಅವನು ತಿರುಗಿ ನೋಡಲಿಲ್ಲ, ಅಷ್ಟೇ. ಬದುಕಿದ್ದಾಗ ಅವನ ಊಟದ ಮನೆಗೂ ಬಾಗಿಲಿಗೂ ನಾಲ್ಕು ಹೆಜ್ಜೆ ದೂರ. ಆ ನಾಲ್ಕು ಹೆಜ್ಜೆ ನಡೆಯದೆ ಇದ್ದದ್ದೇ ಸತ್ತ ಮೇಲೆ ಕಂದರವಾಯಿತು ಎಂದು ನಾವು ತಿಳಿಯುತ್ತೇವೆ.

ಕೊನೆಯ ತೀರ್ಪಿನ ಬಗ್ಗೆ ಹೇಳುವಾಗಲೂ ಹಾಗೆಯೇ (ಮತ್ತಾಯ 25:31-46). ಅಲ್ಲಿ ಯಾವ ಜಾತಿ, ಎಷ್ಟು ಜಪ ಮಾಡಿದೆ, ಹೇಗೆ ಸತ್ತೆ ಎಂಬ ಪ್ರಶ್ನೆಗಳಿಲ್ಲ. ಹಸಿದವನಿಗೆ ಅನ್ನ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಬಟ್ಟೆ ಇಲ್ಲದವನಿಗೆ ಬಟ್ಟೆ ಕೊಟ್ಟೆಯಾ, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ನೋಡಲು ಹೋದೆಯಾ ಎಂಬುದೇ ಲೆಕ್ಕ. ನಮ್ಮ ನಾಡಿನಲ್ಲಿ 12ನೇ ಶತಮಾನದ ಬಸವಣ್ಣನವರೂ ಸ್ವರ್ಗ ನರಕಗಳನ್ನು ಮನುಷ್ಯನ ನಡತೆಯ ಜೊತೆಗೇ ಜೋಡಿಸಿ ಹೇಳಿದ್ದಾರೆ.

ಹನ್ನೆರಡನೆಯ ಸಲ ‘ಗೆಹೆನ್ನ’ ಬರುವುದು ಸಂತ ಯಕೋಬರ ಪತ್ರದಲ್ಲಿ (ಯಕೋಬ 3:6). ಅಲ್ಲಿ ಅವರು ಮಾತಾಡುವುದು ನಾಲಿಗೆಯ ಬಗ್ಗೆ. ನಾಲಿಗೆ ಚಿಕ್ಕದಾದರೂ ನರಕದ ಬೆಂಕಿಯನ್ನು ಹೊತ್ತು ತಂದು ಬದುಕನ್ನೇ ಸುಡುತ್ತದೆ ಎಂಬುದು ಅವರ ಎಚ್ಚರಿಕೆ. ನಲ್ಲಿ ಹತ್ತಿರ ಆಡಿದ ಆ ಒಂದು ಮಾತನ್ನು ಈಗ ನೆನಪಿಸಿಕೊಳ್ಳಿ.

3. ದೇವರೇ ನರಕಕ್ಕೆ ತಳ್ಳುತ್ತಾರಾ?

ಹಾಗಾದರೆ ನರಕ ಸುಳ್ಳಾ ಎಂದು ನೀವು ಕೇಳಬಹುದು. ಸುಳ್ಳಲ್ಲ. ನರಕ ಉಂಟು ಎಂದೇ ನಮ್ಮ ಧರ್ಮಸಭೆ ಬೋಧಿಸುತ್ತದೆ. ಆದರೆ ಅದು ದೇವರು ಸಿಟ್ಟಿನಿಂದ ಕಟ್ಟಿಸಿದ ಜೈಲು ಅಲ್ಲ. 1992ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಹೊರಡಿಸಿದ ಧರ್ಮೋಪದೇಶ ಗ್ರಂಥದ ಪ್ರಕಾರ, ಗೊತ್ತಿದ್ದೂ ಮನಸಾರೆ ದೇವರ ಪ್ರೀತಿಯನ್ನು ಬೇಡವೆಂದು ಕೊನೆಯತನಕ ತಳ್ಳಿಹಾಕಿ, ತನ್ನನ್ನು ತಾನೇ ಹೊರಗಿಟ್ಟುಕೊಳ್ಳುವ ಸ್ಥಿತಿಯೇ ನರಕ. ದೇವರು ಯಾರನ್ನೂ ನರಕಕ್ಕೆಂದು ಮೊದಲೇ ಬರೆದಿಟ್ಟಿಲ್ಲ. ಅದೇ ಪೋಪರು 1999ರ ಜುಲೈ 28ರಂದು ರೋಮ್‌ನಲ್ಲಿ ಜನರಿಗೆ ಬೋಧಿಸುತ್ತಾ, ನರಕವನ್ನು ಒಂದು ಜಾಗ ಅನ್ನುವುದಕ್ಕಿಂತ ದೇವರಿಂದ ದೂರವಾದವರ ಸ್ಥಿತಿ ಎಂದು ತಿಳಿಯಬೇಕು ಎಂದು ವಿವರಿಸಿದರು.

ಪಾಪಿ ಸಾಯುವುದರಲ್ಲಿ ದೇವರಿಗೆ ಸಂತೋಷವಿಲ್ಲ, ಅವನು ತಿರುಗಿ ಬಂದು ಬದುಕಬೇಕು ಎಂಬುದೇ ಅವರ ಆಸೆ ಎಂದು ಪ್ರವಾದಿ ಯೆಜೆಕಿಯೇಲ ಸಾರುತ್ತಾನೆ (33:11). ಯೇಸುಸ್ವಾಮಿಯ ಪಕ್ಕದಲ್ಲೇ ಶಿಲುಬೆಗೇರಿದ ಅಪರಾಧಿಗೆ ಪಾಪನಿವೇದನೆ ಮಾಡಿ ಒಳ್ಳೆಯ ಕೆಲಸ ಮಾಡಲು ಸಮಯವೇ ಇರಲಿಲ್ಲ. ತನ್ನನ್ನು ನೆನೆಸಿಕೊಳ್ಳಿ ಎಂದು ಒಂದು ಮಾತು ಬೇಡಿದ. ಅವತ್ತೇ ಅವನಿಗೆ ಸ್ವರ್ಗದ ಭರವಸೆ ಸಿಕ್ಕಿತು (ಲೂಕ 23:43).

ಕಷ್ಟ ಬಂದವರೆಲ್ಲ ಪಾಪ ಮಾಡಿದವರು ಎಂಬ ಮಾತೂ ನಮ್ಮಲ್ಲಿದೆ. ಮಳೆ ಬರದಿದ್ದರೆ, ಗಂಡ ಸತ್ತರೆ, ಮಗು ಕುಂಟಾದರೆ “ಯಾವ ಪಾಪ ಮಾಡಿದ್ಲೋ” ಅನ್ನುತ್ತೇವೆ. ಸಿಲೋವಾಂ ಎಂಬಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ ಅಲ್ಲಿಯ ಜನರ ಮನಸ್ಸಿನಲ್ಲೂ ಇದೇ ಇತ್ತು. ಅವರೇನು ಊರಿನ ಬೇರೆಯವರಿಗಿಂತ ದೊಡ್ಡ ಪಾಪಿಗಳೇ ಎಂದು ಯೇಸುಸ್ವಾಮಿ ತಾವೇ ಕೇಳಿ, ಖಂಡಿತ ಅಲ್ಲ ಎಂದರು. ಸತ್ತವರ ಲೆಕ್ಕ ಬಿಟ್ಟು ಬದುಕಿರುವ ನೀವು ಮನಸ್ಸು ತಿರುಗಿಸಿಕೊಳ್ಳಿ ಎಂದು ಹೇಳಿದರು (ಲೂಕ 13:1-5).

ಚಾಮರಾಜನಗರದ ಕಡೆಯ ಒಂದು ಸಂಘದಲ್ಲಿ ಇನ್ನೊಬ್ಬರು ನಗುತ್ತಲೇ ಕೇಳಿದ್ದರು: “ನಾವು ಮಾದಪ್ಪನ ಒಕ್ಕಲು ಸಿಸ್ಟರ್, ನಿಮ್ಮ ಲೆಕ್ಕದಲ್ಲಿ ನಾವೆಲ್ಲ ನರಕಕ್ಕೇನಾ?” ನಗುತ್ತಾ ಕೇಳಿದರೂ ಒಳಗೆ ನೋವಿತ್ತು. ಅವರಿಗೂ ಉತ್ತರ ಇದೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕೊಟ್ಟ ಬೋಧನೆಯಂತೆ, ತಮ್ಮದಲ್ಲದ ಕಾರಣದಿಂದ ಕ್ರಿಸ್ತರನ್ನು ಅರಿಯದವರೂ ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತಾ ಮನಸ್ಸಾಕ್ಷಿಯಂತೆ ನಡೆದರೆ ದೇವರ ಕೃಪೆಯಿಂದ ರಕ್ಷಣೆ ಹೊಂದಬಹುದು.

4. ನೊಂದು ಜೀವ ಕಳೆದುಕೊಂಡವರ ಗತಿ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ.

ಜೀವ ದೇವರು ಕೊಟ್ಟದ್ದು, ಅದನ್ನು ನಾವಾಗಿ ತೆಗೆದುಕೊಳ್ಳಬಾರದು. ಇದು ಧರ್ಮಸಭೆಯ ಬೋಧನೆ, ಅದು ಬದಲಾಗಿಲ್ಲ. ಆದರೆ ಒಂದು ಕಾಲದಲ್ಲಿ ಹೀಗೆ ಸತ್ತವರಿಗೆ ಧರ್ಮಸಭೆಯೂ ಕಠಿಣವಾಗಿತ್ತು. 1917ರ ಧರ್ಮಸಭೆಯ ಕಾನೂನಿನಲ್ಲಿ, ಬೇಕೆಂದೇ ಜೀವ ತೆಗೆದುಕೊಂಡವರಿಗೆ ಧಾರ್ಮಿಕ ಶವಸಂಸ್ಕಾರ ಇರಲಿಲ್ಲ. 1983ರ ಹೊಸ ಕಾನೂನಿನಲ್ಲಿ ಆ ನಿಷೇಧವನ್ನು ಬಿಟ್ಟರು. 1992ರ ಧರ್ಮೋಪದೇಶ ಗ್ರಂಥ ಇನ್ನೂ ಸ್ಪಷ್ಟವಾಗಿದೆ. ಮನಸ್ಸಿನ ಕಾಯಿಲೆ, ತಡೆಯಲಾಗದ ಸಂಕಟ, ದೊಡ್ಡ ಭಯ ಇವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತವೆ. ಅಂಥವರ ರಕ್ಷಣೆಯ ಬಗ್ಗೆ ನಾವು ಆಸೆ ಬಿಡಬಾರದು, ದೇವರಿಗೆ ಮಾತ್ರ ಗೊತ್ತಿರುವ ದಾರಿಯಲ್ಲಿ ಅವರನ್ನು ಕರೆದುಕೊಳ್ಳಬಲ್ಲರು, ಅವರಿಗಾಗಿ ಪ್ರಾರ್ಥಿಸಬೇಕು ಎಂದು ಅದು ಕಲಿಸುತ್ತದೆ.

ಧರ್ಮಸಭೆ ಎಷ್ಟೋ ಜನರನ್ನು ಸ್ವರ್ಗದಲ್ಲಿರುವ ಸಂತರೆಂದು ಘೋಷಿಸಿದೆ. ಇಂಥವರು ನರಕದಲ್ಲಿದ್ದಾರೆ ಎಂದು ಹೆಸರು ಹಿಡಿದು ಒಬ್ಬರನ್ನೂ ಘೋಷಿಸಿಲ್ಲ. ಧರ್ಮಸಭೆಯೇ ಹೇಳದ ತೀರ್ಪನ್ನು ನಲ್ಲಿ ಹತ್ತಿರ ನಾವು ಹೇಳಬಹುದಾ?

ನವೆಂಬರ್ 2ರಂದು ಕಥೋಲಿಕರು ಸಮಾಧಿಗಳಿಗೆ ಹೋಗಿ ಮೇಣದಬತ್ತಿ ಹಚ್ಚಿ ಸತ್ತವರೆಲ್ಲರಿಗಾಗಿ ಪ್ರಾರ್ಥಿಸುತ್ತೇವೆ. ನೀವು ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರನ್ನು ನೆನೆದು ಎಡೆ ಇಡುತ್ತೀರಿ. ಹೇಗೆ ಸತ್ತರು ಎಂದು ನೋಡಿ ಯಾರ ಹೆಸರನ್ನೂ ಬಿಡಬೇಡಿ. ಅವರ ಫೋಟೋವನ್ನು ಗೋಡೆಯಿಂದ ತೆಗೆಯಬೇಡಿ. ಅಪ್ಪನ ಬಗ್ಗೆ ಮಕ್ಕಳ ಹತ್ತಿರ ಪ್ರೀತಿಯಿಂದ ಮಾತಾಡಿ.

5. ಯೂದ ಮತ್ತು ಪೇತ್ರ

ಬೈಬಲಿನಲ್ಲಿ ಹೀಗೆ ಸತ್ತವರಲ್ಲಿ ಎಲ್ಲರಿಗೂ ಗೊತ್ತಿರುವವನು ಯೂದ. 30 ಬೆಳ್ಳಿ ನಾಣ್ಯಕ್ಕೆ ಯೇಸುಸ್ವಾಮಿಯನ್ನು ಹಿಡಿದುಕೊಟ್ಟವನು. ಅವನ ಬಗ್ಗೆ ಯೇಸುಸ್ವಾಮಿ ಬಹಳ ಕಠಿಣ ಮಾತು ಆಡಿದ್ದಾರೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ನಾವು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿ ಮತ್ತಾಯನ ಶುಭಸಂದೇಶದಲ್ಲಿದೆ (27:3-5). ಯೂದನಿಗೆ ಪಶ್ಚಾತ್ತಾಪವಾಯಿತು. ಹಣವನ್ನು ಹಿಂದಕ್ಕೆ ತಂದ. ತಾನು ಪಾಪ ಮಾಡಿದೆ ಎಂದು ಯಾಜಕರ ಎದುರು ಬಾಯಿಬಿಟ್ಟು ಒಪ್ಪಿಕೊಂಡ. ಅವರೇನು ಮಾಡಿದರು? ನಮಗೇನಾಗಬೇಕು, ಅದು ನಿನ್ನ ಪಾಡು ಎಂಬಂತೆ ಉತ್ತರ ಕೊಟ್ಟು ಕಳಿಸಿದರು. ಅಲ್ಲಿಂದ ಹೊರಟವನು ಒಬ್ಬಂಟಿಯಾಗಿಯೇ ಹೋದ.

ಅದೇ ರಾತ್ರಿ ಪೇತ್ರನೂ ತಪ್ಪು ಮಾಡಿದ್ದ. ಯೇಸು ಯಾರೋ ಗೊತ್ತಿಲ್ಲ ಎಂದು ಮೂರು ಸಲ ಸುಳ್ಳು ಹೇಳಿದ್ದ. ಅವನೂ ಬಿಕ್ಕಿ ಬಿಕ್ಕಿ ಅತ್ತ. ಆದರೆ ಆಮೇಲೆ ಅವನು ಜೊತೆಗಾರರ ನಡುವೆಯೇ ಉಳಿದ, ಅವರೂ ಅವನನ್ನು ಹೊರಗೆ ಹಾಕಲಿಲ್ಲ. ಪುನರುತ್ಥಾನರಾದ ಯೇಸುಸ್ವಾಮಿ ಬಂದಾಗ ಅವನು ಗುಂಪಿನಲ್ಲೇ ಇದ್ದ.

ಇಬ್ಬರೂ ತಪ್ಪು ಮಾಡಿದರು, ಇಬ್ಬರೂ ನೊಂದರು. ಒಬ್ಬನಿಗೆ ಬಾಗಿಲು ತೆರೆದಿತ್ತು, ಇನ್ನೊಬ್ಬನಿಗೆ ಮುಚ್ಚಿತು. ಸಂಘ ಎಂದರೆ ಆ ಬಾಗಿಲು.

6. ನಮ್ಮ ಸಂಘದ ಬಾಗಿಲು

ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸಂಘಗಳ ಮರುಪಾವತಿ ಶೇಕಡಾ ನೂರು ಆಗಬೇಕೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರು ನಾವು. ಕಂತು ಕಟ್ಟದವರ ಮನೆಗೆ ಹತ್ತು ಜನ ಹೋಗಿ ಜಗುಲಿಯಲ್ಲಿ ಕೂರುವುದನ್ನು ‘ಗುಂಪಿನ ಶಿಸ್ತು’ ಎಂದು ಹೊಗಳಿದ್ದೇವೆ. ಆ ತಾಯಿಯ ಜಗುಲಿಯಲ್ಲೂ ಸದಸ್ಯರು ದೀಪ ಹಚ್ಚುವ ಹೊತ್ತಿನವರೆಗೆ ಕೂತಿದ್ದರು. ಯಜಮಾನರು ಒಳಗಿದ್ದರು. ಅವರ ಸಾವಿಗೆ ಅದೇ ಕಾರಣ ಎಂದು ನಾವು ಹೇಳುವುದಿಲ್ಲ. ಇಂಥ ಸಾವಿಗೆ ಒಂದೇ ಕಾರಣ ಇರುವುದಿಲ್ಲ. ಆದರೆ ಅವತ್ತು ಆ ಮನೆಯ ಬಾಗಿಲಲ್ಲಿ ಕೂತವರು ಒಳಗಿದ್ದವರ ಮುಖ ನೋಡಲಿಲ್ಲ ಎಂಬುದು ನಿಜ.

2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ಕಂತಿನ ಕಾಟಕ್ಕೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ರಾಜ್ಯಕ್ಕೆಲ್ಲ ಗೊತ್ತಾಯಿತು. ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ ಮುಂದಿನ ತಿಂಗಳೇ, 2025ರ ಫೆಬ್ರವರಿಯಲ್ಲಿ, ಸುಗ್ರೀವಾಜ್ಞೆ ತಂದಿತು. ಅದಕ್ಕೂ ಮೊದಲು 2022ರಲ್ಲೇ ರಿಸರ್ವ್ ಬ್ಯಾಂಕ್ ಕಿರುಸಾಲಗಳಿಗೆ ನಿಯಮ ಮಾಡಿದೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡುವುದು, ಬೆದರಿಸುವುದು, ಕೆಟ್ಟ ಮಾತಾಡುವುದು, ನೆಂಟರಿಗೆ ಕಾಟ ಕೊಡುವುದು, ಬಾಕಿದಾರರ ಹೆಸರನ್ನು ಎಲ್ಲರಿಗೂ ಸಾರುವುದು ಇವೆಲ್ಲ ತಪ್ಪು. ಫೈನಾನ್ಸಿನವರಿಗೆ ತಪ್ಪಾದದ್ದು ನಮಗೆ ಸರಿಯಾಗುತ್ತದೆಯೇ?

ಮತ್ತಾಯ 18ನೇ ಅಧ್ಯಾಯದಲ್ಲಿ ಒಬ್ಬ ಸೇವಕನ ಸಾಮತಿ ಇದೆ. ಅವನು ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಒಂದು ತಲಾಂತು ಎಂದರೆ ಸುಮಾರು 6,000 ದಿನದ ಕೂಲಿ. ಏಳು ಜನ್ಮಕ್ಕೂ ತೀರದ ಸಾಲ. ರಾಜ ಕನಿಕರಪಟ್ಟು ಪೂರ್ತಿ ಬಿಟ್ಟ. ಅವನು ಹೊರಗೆ ಬಂದು, ತನಗೆ ನೂರು ದಿನದ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಕೊನೆಗೆ ಶಿಕ್ಷೆಯಾದದ್ದು ಈ ಕುತ್ತಿಗೆ ಹಿಡಿದವನಿಗೆ.

ಸಾಲ ತೀರಿಸಬೇಕಾಗಿಲ್ಲ ಎಂದು ಇದರ ಅರ್ಥವಲ್ಲ. ಸಂಘದ ಹಣ ಹತ್ತು ಬಡವರ ಬೆವರು, ಅದು ವಾಪಸು ಬರಲೇಬೇಕು. ಆದರೆ ಒಬ್ಬರು ಎರಡು ಕಂತು ತಪ್ಪಿಸಿದರೆ ವಸೂಲಿಗೆ ಹತ್ತು ಜನ ಹೋಗುವ ಬದಲು, ಏನಾಗಿದೆ ಎಂದು ಕೇಳಲು ಇಬ್ಬರು ಹೋಗಿ. ಕಂತು ಸಣ್ಣದು ಮಾಡಿ, ಅವಧಿ ಹೆಚ್ಚಿಸಿ, ಅದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಎಷ್ಟು ಕಡೆ ಸಾಲ ಇದೆ ಎಂದು ಹೇಳಿಕೊಳ್ಳಲು ನಾಚಿಕೆಪಡುವವರಿಗೆ ಒಬ್ಬರೇ ಸಿಗುವ ಹಾಗೆ ಕೂತು ಕೇಳಿಸಿಕೊಳ್ಳಿ.

ಮನೆಯಲ್ಲಿ ಯಾರಾದರೂ ಮಾತು ಬಿಟ್ಟು, ಊಟ ನಿದ್ದೆ ಬಿಟ್ಟು, “ನಾನಿದ್ದು ಏನು ಪ್ರಯೋಜನ” ಅನ್ನುತ್ತಿದ್ದರೆ ಅದನ್ನು ಸುಮ್ಮನೆ ಬಿಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಜೊತೆಯಲ್ಲಿರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಸಭೆಯಲ್ಲಿ ಚರ್ಚೆಗೆ

1. ನಮ್ಮ ಊರಿನಲ್ಲಿ ‘ಪಾಪಿ’ ಎಂದು ಯಾರನ್ನು ಕರೆಯುತ್ತೇವೆ? ಯೇಸುಸ್ವಾಮಿ ಎಚ್ಚರಿಸಿದ್ದು ಯಾರನ್ನು?
2. ನಮ್ಮ ಸಂಘದ ಬಾಗಿಲಲ್ಲಿ ಈಗ ಬಿದ್ದಿರುವ ಲಾಜರ ಯಾರು? ಮೂರು ಸಭೆಗೆ ಬಾರದವರು ಯಾರು? ಯಾಕೆ ಬಂದಿಲ್ಲ ಎಂದು ಯಾರಾದರೂ ಹೋಗಿ ಕೇಳಿದ್ದೇವೆಯೇ?
3. ಕಂತು ತಪ್ಪಿಸಿದ ಸದಸ್ಯೆಯ ಹತ್ತಿರ ಹೇಗೆ ನಡೆದುಕೊಳ್ಳಬೇಕು? ಮೂರು ನಿಯಮ ಮಾಡಿ ಪುಸ್ತಕದಲ್ಲಿ ಬರೆಯಿರಿ.

ಪ್ರಾರ್ಥನೆ: ದೇವರೇ, ನೊಂದು ಹೋದ ನಮ್ಮವರನ್ನು ನಿಮ್ಮ ಮಡಿಲಿಗೆ ತೆಗೆದುಕೊಳ್ಳಿ. ಉಳಿದ ನಮ್ಮ ನಾಲಿಗೆಯನ್ನು ಕಾಯಿರಿ. ಬಾಗಿಲಲ್ಲಿ ಕೂತವರನ್ನು ನೋಡುವ ಕಣ್ಣು ಕೊಡಿ.

ಆ ತಾಯಿಗೆ ನಮ್ಮ ಉತ್ತರ ಇಷ್ಟು. ಅವ್ವ, ನಿಮ್ಮ ಯಜಮಾನರು ನರಕಕ್ಕೆ ಹೋದರು ಎಂದು ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ಹಾಗೆ ಹೇಳುವ ಅಧಿಕಾರ ನಲ್ಲಿ ಹತ್ತಿರ ನಿಂತವರಿಗೂ ಇಲ್ಲ, ನಮಗೂ ಇಲ್ಲ. ಅವರ ಸಂಕಟ ಎಷ್ಟಿತ್ತೆಂದು ಪೂರ್ತಿ ಬಲ್ಲವರು ದೇವರೊಬ್ಬರೇ, ಮತ್ತು ಆ ದೇವರು ಕರುಣೆಯುಳ್ಳವರು. ನೀವು ಧೈರ್ಯವಾಗಿ ಅವರಿಗಾಗಿ ಬೇಡಿಕೊಳ್ಳಿ. ಮುಂದಿನ ಸಭೆಯಲ್ಲಿ ಬಾಗಿಲ ಹತ್ತಿರ ಕೂರಬೇಡಿ, ನಡುವೆ ಬಂದು ಕೂರಿ. ಆ ದಿನ ನಾವೂ ಬರುತ್ತೇವೆ. ಬಸ್ಸಿಗೆ ಹೊತ್ತಾಯಿತು ಎಂದು ಈ ಸಲ ಎದ್ದು ಹೋಗುವುದಿಲ್ಲ.